ಎಂಜಿನ್ ಜೋಡಣೆಯಲ್ಲಿ ಮಿತವಾದ ಕೈ

ಮೋಟಾರು ಕಾರಿನ ಎಂಜಿನ್ ಹೊರನೋಟಕ್ಕೆ ಒಂದೇ ಲೋಹಪಿಂಡವೆಂದು ತೋರಿದರೂ, ವಸ್ತುತಃ ಅದು ಬ್ಲಾಕ್, ಹೆಡ್, ಟೈಮಿಂಗ್ ಕವರ್, ಟ್ಯಾಪೆಟ್ ಕವರ್, ಮತ್ತು ನಮ್ಮ ಮೆಕ್ಯಾನಿಕ್ಕುಗಳು ಚೇಂಬರ್ ಎಂದೇ ಕರೆಯುವ ಎಣ್ಣೆಯ ತೊಟ್ಟಿ ಮೊದಲಾದ ಹಲವು ಭಾಗಗಳನ್ನು ಬೋಲ್ಟುಗಳಿಂದ ಬಿಗಿದು ನಿಲ್ಲಿಸಿದ ಸಂಯೋಜನೆ; ಒಳಗಿನ ಕಾದ ಎಣ್ಣೆಯೂ ನೀರೂ ಅನಿಲವೂ ತಂತಮ್ಮ ಮಾರ್ಗವನ್ನು ಬಿಟ್ಟು ಹೊರಬೀಳದಂತೆ ಕಾಯುವ ಹೊಣೆಯೆಲ್ಲ ಆ ಭಾಗಗಳು ಕೂಡುವ ಸಂಧಿಗಳದು. ತರಿದು ನುಣುಪುಗೊಳಿಸಿದ ಲೋಹದ ಮುಖವು ಬರಿಗಣ್ಣಿಗೆ ಸಮತಲವೆಂದು ಕಂಡರೂ ಸೂಕ್ಷ್ಮದರ್ಶಕದ ಕೆಳಗೆ ಉಬ್ಬುತಗ್ಗುಗಳಿಂದ ತುಂಬಿರುತ್ತದೆ. ಆ ತಗ್ಗುಗಳನ್ನು ತುಂಬಿ ಸೋರಿಕೆಯನ್ನು ತಡೆಯುವುದಷ್ಟೇ ಸಂಧಿಲೇಪದ, ಎಂದರೆ ಗ್ಯಾರೇಜಿನ ಮಾತಿನಲ್ಲಿ ಪೇಸ್ಟಿನ, ಕರ್ತವ್ಯ. ಅದಕ್ಕಿಂತ ಮಿಗಿಲಾಗಿ ಹಚ್ಚಿದ್ದು ಹೊರಕ್ಕೆ ಬಂದರೆ ವ್ಯರ್ಥ, ಒಳಕ್ಕೆ ಹೋದರೆ ಅನರ್ಥ. ಹೀಗಿದ್ದರೂ, ಹೆಚ್ಚು ಹಚ್ಚಿದಷ್ಟೂ ಹೆಚ್ಚು ಭದ್ರವೆಂಬ ನಂಬಿಕೆ ಈ ಕಸುಬಿನಲ್ಲಿ ಬಲವಾಗಿ ಬೇರೂರಿದೆ.

ಹಿಂದಿನವರು ಕಾಗದ ಅಥವಾ ಕಾರ್ಕಿನ ಪ್ಯಾಕಿಂಗನ್ನು, ಎಂದರೆ ಗ್ಯಾಸ್ಕೆಟ್ಟನ್ನು, ಅಳತೆಗೆ ಕತ್ತರಿಸಿ, ಅದರ ಎರಡು ಮೈಗೂ ಅರಗಿನಿಂದಾದ ಶೆಲ್ಯಾಕನ್ನು ತೆಳುವಾಗಿ ಸವರಿ ಕೂರಿಸುತ್ತಿದ್ದರು. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ ಅವರು, ಗಾಳಿಯ ಸಂಪರ್ಕವಿರುವವರೆಗೆ ದ್ರವವಾಗಿಯೇ ಇದ್ದು, ಎರಡು ಲೋಹಗಳ ನಡುವೆ ಗಾಳಿ ತಪ್ಪಿದೊಡನೆ ಗಟ್ಟಿಯಾಗುವ ದ್ರವ್ಯವೊಂದನ್ನು ರೂಪಿಸಿದರು. ಲಾಕ್‌ಟೈಟ್ ಎಂದು ಲೋಕಪ್ರಸಿದ್ಧವಾದುದು ಅದೇ. ಇಂದು ಗ್ಯಾರೇಜುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಿಲಿಕೋನ್ ಪೇಸ್ಟಿನ ಸ್ವಭಾವವಾದರೋ ಇದಕ್ಕೆ ತದ್ವಿರುದ್ಧ: ಅದು ಗಾಳಿಯಲ್ಲಿರುವ ತೇವವನ್ನು ಹೀರಿ ರಬ್ಬರಾಗಿ ಪರಿಣಮಿಸುತ್ತದೆ. ಹಲವು ಕಾರುಗಳ ಚೇಂಬರಿಗೆ ಕಾರ್ಖಾನೆಯಲ್ಲಿಯೇ ಬೇರೆ ಗ್ಯಾಸ್ಕೆಟ್ ಇಡುವ ಪದ್ಧತಿಯಿಲ್ಲ. ಈ ಲೇಪವೇ ಅಲ್ಲಿ ಗ್ಯಾಸ್ಕೆಟ್ಟು. ಲಾಕ್‌ಟೈಟಿನ ಜಾತಿಯ ಲೇಪದಲ್ಲಿ ಹೆಚ್ಚಾಗಿ ಒಳಕ್ಕೆ ಹಿಂಡಿಹೋದ ಭಾಗವು ಗಟ್ಟಿಯಾಗದೆ ಎಣ್ಣೆಯಲ್ಲಿ ತೊಳೆದುಹೋಗುತ್ತದೆ. ಸಿಲಿಕೋನಿನಲ್ಲಿ ಅದೇ ಭಾಗ ರಬ್ಬರಿನ ಎಳೆಯಾಗಿ ಒಳಗೇ ಉಳಿಯುತ್ತದೆ. ಹೆಚ್ಚು ಹಚ್ಚುವ ತಪ್ಪು ಎಂಜಿನ್ನಿನ ಪ್ರಾಣಕ್ಕೆ ಎರವಾಗುವುದು ಇಲ್ಲಿಯೇ.

ಚೇಂಬರಿನ ಅಂಚಿನಲ್ಲಿ ಪೇಸ್ಟು ದಪ್ಪನಾಗಿ ಹೊರಕ್ಕೆ ಉಬ್ಬಿ ನಿಂತಿದ್ದರೆ, ಕಾರಿನ ಯಜಮಾನನು ಅದನ್ನು ಕಂಡು ಕೆಲಸ ಭದ್ರವಾಗಿದೆಯೆಂದು ಸಮಾಧಾನಪಡುತ್ತಾನೆ. ಆದರೆ ಹೊರಕ್ಕೆ ಎಷ್ಟು ಉಬ್ಬಿದೆಯೋ ಸುಮಾರಾಗಿ ಅಷ್ಟೇ ಒಳಕ್ಕೂ ಉಬ್ಬಿರುತ್ತದೆಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ಕಾದ ಎಣ್ಣೆಯ ಹೊಡೆತಕ್ಕೂ ಎಂಜಿನ್ನಿನ ಅದುರಾಟಕ್ಕೂ ಸಿಕ್ಕಿದ ಆ ಒಳಗಿನ ಎಳೆ ಒಂದು ದಿನ ಕಳಚಿ ಎಣ್ಣೆಗೆ ಬೀಳುತ್ತದೆ. ಬಿದ್ದದ್ದು, ಆಯಿಲ್ ಪಂಪು ಎಣ್ಣೆಯನ್ನು ಹೀರಿಕೊಳ್ಳುವ ಕೊಳವೆಯ ಬಾಯಿಗೆ ಕಟ್ಟಿದ ಸ್ಟ್ರೇನರಿನ ಜಾಲರಿಗೆ ಹೋಗಿ ಅಂಟುತ್ತದೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಅಂಥದೊಂದು ಸ್ಟ್ರೇನರನ್ನು ಹತ್ತಿರದಿಂದ ನೋಡಿದ್ದೇನೆ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಅದನ್ನು ಮಗುಚಿಟ್ಟು, ಹಿರಿಯ ಮೆಕ್ಯಾನಿಕ್ಕರು ಸೂಜಿಯ ಮೊನೆಯಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತಿದ್ದರು. ಮಸಿಹಿಡಿದ ಶ್ಯಾವಿಗೆಯಂತಿದ್ದ ಆ ಬೂದುಬಣ್ಣದ ಎಳೆಗಳು ಜಾಲರಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದವು. ಚೇಂಬರಿನ ತುಂಬ ಎಣ್ಣೆಯಿದ್ದೂ ಆ ಎಂಜಿನ್ನಿನ ಬೇರಿಂಗುಗಳು ಎಣ್ಣೆಯಿಲ್ಲದೆ ಸವೆದುಹೋಗಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತುವ ವೇಳೆಗೆ ಇಂಥ ಹಾನಿಯ ಬಹುಭಾಗ ನಡೆದುಹೋಗಿರುತ್ತದೆ. ಕೆಲವೇ ರೂಪಾಯಿಗಳ ಪೇಸ್ಟನ್ನು ಕೈ ಬಿಗಿಹಿಡಿದು ಬಳಸದಿದ್ದುದರಿಂದ ಆ ಬೇರಿಂಗುಗಳಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟೂ ಹಾಳಾದುದನ್ನು ಕಂಡು ಮನಸ್ಸು ನೊಂದಿತು.

ಬಲ್ಲವರ ಕೈಯಲ್ಲಿ ಕೆಲಸದ ಮುಕ್ಕಾಲು ಪಾಲು ಟ್ಯೂಬನ್ನು ತೆರೆಯುವ ಮೊದಲೇ ಮುಗಿದಿರುತ್ತದೆ. ಹಳೆಯ ಪೇಸ್ಟನ್ನು ಅವರು ಅಲ್ಯೂಮಿನಿಯಂ ಮುಖಕ್ಕೆ ಗೀರು ಬೀಳದಂತೆ ಪ್ಲಾಸ್ಟಿಕ್ಕಿನ ಸ್ಕ್ರೇಪರಿನಿಂದ ಹೆರೆದು ತೆಗೆಯುತ್ತಾರೆ. ತಿರುಗುವ ಉಜ್ಜುಬಿಲ್ಲೆಯನ್ನು ಹಿಡಿದರೆ ಕೆಲಸವೇನೋ ಬೇಗ ಆಗುತ್ತದೆ, ಆದರೆ ಅದರ ಪುಡಿ ಎಣ್ಣೆಯ ದಾರಿಯನ್ನು ಹೊಕ್ಕು ಬೇರಿಂಗುಗಳನ್ನು ಅರೆಯುತ್ತದೆ. ಬಳಿಕ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸುತ್ತಾರೆ. ಜಿಡ್ಡಿದ್ದ ಕಡೆ ಪೇಸ್ಟು ಹಿಡಿಯುವುದಿಲ್ಲ, ಹಿಡಿಯದಿದ್ದಾಗಲೇ ಇನ್ನಷ್ಟು ಹಚ್ಚಬೇಕೆಂಬ ಆಸೆ ಹುಟ್ಟುತ್ತದೆ. ಅನಂತರ ಟ್ಯೂಬಿನ ಮೂತಿಯನ್ನು ಸಣ್ಣದಾಗಿ ಕತ್ತರಿಸಿ, ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ದಪ್ಪದ ಒಂದೇ ಗೆರೆಯನ್ನು, ಎಲ್ಲಿಯೂ ತುಂಡಾಗದಂತೆ, ಬೋಲ್ಟಿನ ತೂತುಗಳ ಒಳಮಗ್ಗುಲಿನಿಂದ ಹಾಯಿಸಿಕೊಂಡು ಎಳೆಯುತ್ತಾರೆ. ಟೈಮಿಂಗ್ ಕವರೂ ಬ್ಲಾಕೂ ಕೂಡುವ ಮೂಲೆಯಂಥ ಕಡೆ ಮಾತ್ರ ಒಂದು ಹನಿ ಹೆಚ್ಚು. ಮೇಲೆ ಪೊರೆ ಕಟ್ಟುವ ಮೊದಲು, ಎಂದರೆ ಸುಮಾರು 10 ನಿಮಿಷದೊಳಗೆ, ಚೇಂಬರನ್ನು ಆಚೀಚೆ ಜಾರಿಸದೆ ನೇರವಾಗಿ ಕೂರಿಸಿ, ಬೋಲ್ಟುಗಳನ್ನು ಮೊದಲು ಬೆರಳಿನಿಂದ ತಿರುಗಿಸಿ, ತಯಾರಕರು ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿಯುತ್ತಾರೆ. ಅಂಚಿನಲ್ಲಿ ಕೂದಲೆಳೆಯಷ್ಟು ಪೇಸ್ಟು ಇಣುಕಿದರೆ ಸಾಕು.

ಪೇಸ್ಟನ್ನು ಹಚ್ಚಲೇಬಾರದ ಸ್ಥಳಗಳನ್ನು ಅರಿತಿರುವುದೂ ಈ ವಿದ್ಯೆಯ ಭಾಗವೇ. ಉಕ್ಕಿನ ಪದರಗಳಿಂದಾದ ಹೆಡ್ ಗ್ಯಾಸ್ಕೆಟ್ಟಿಗೆ ತಯಾರಕರು ತೋರಿಸಿದ ಮೂಲೆಗಳನ್ನು ಬಿಟ್ಟು ಬೇರೆಲ್ಲಿಯೂ ಸಿಲಿಕೋನ್ ಸಲ್ಲದು. ಅಚ್ಚಿನ ರಬ್ಬರ್ ಗ್ಯಾಸ್ಕೆಟ್ಟಿಗೆ ಅದನ್ನು ಬಳಿದರೆ, ಬಿಗಿಯುವಾಗ ಗ್ಯಾಸ್ಕೆಟ್ಟು ಜಾರಿ ಹೊರಕ್ಕೆ ಬರುತ್ತದೆ. ತಳ ಮುಚ್ಚಿದ ಬೋಲ್ಟಿನ ತೂತಿನಲ್ಲಿ ಪೇಸ್ಟು ತುಂಬಿಕೊಂಡರೆ, ಇಳಿಯುವ ಬೋಲ್ಟು ಅದನ್ನು ಒತ್ತಿ ಎರಕವನ್ನೇ ಸೀಳಬಲ್ಲುದು. ಸೀಳದಿದ್ದರೂ ರೆಂಚು ಸುಳ್ಳು ಅಳತೆಯನ್ನು ತೋರಿಸುತ್ತದೆ. ಗಟ್ಟಿಯಾಗುವಾಗ ವಿನಿಗರಿನ ವಾಸನೆ ಬರುವ ಜಾತಿಯ ಸಿಲಿಕೋನ್ ಎಂಜಿನ್ನಿನ ಕೆಲಸಕ್ಕೆ ತಕ್ಕುದಲ್ಲ: ಅದರ ಆಮ್ಲ ಲೋಹವನ್ನು ತಿನ್ನುತ್ತದೆ, ಹಬೆ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಟ್ಯೂಬಿನ ಮೇಲೆ ಸೆನ್ಸರ್ ಸೇಫ್ ಎಂದಿರುವುದನ್ನು ನೋಡಿ ಕೊಳ್ಳುವುದು ಲೇಸು.

ಬಿಗಿದ ಮೇಲೆ ಕಾಯಬೇಕು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಹಿಡಿಯುತ್ತದೆ. ಸಂಜೆಯೊಳಗೇ ಕಾರು ಬೇಕೆಂದು ಹಟ ಹಿಡಿಯುವ ಗಿರಾಕಿಗೆ “ನಾಳೆ ಬನ್ನಿ ಸಾರ್” ಎಂದು ಧೈರ್ಯವಾಗಿ ಹೇಳುವ ಮೆಕ್ಯಾನಿಕ್ಕಿನ ಮೇಲೆ ನನಗೆ ಹೆಚ್ಚಿನ ವಿಶ್ವಾಸ. ಇಂಥವರು ಹೊಸದಾಗಿ ಜೋಡಿಸಿದ ಎಂಜಿನ್ನಿನ ಮೊದಲ ಆಯಿಲನ್ನು ಬೇಗನೆ ಬದಲಿಸಿ, ಹಳೆಯ ಫಿಲ್ಟರನ್ನು ಕೊಯ್ದು, ಅದರ ಮಡಿಕೆಗಳನ್ನು ಬೆಳಕಿನಲ್ಲಿ ಬಿಡಿಸಿ ಪರೀಕ್ಷಿಸುತ್ತಾರೆ; ಪೇಸ್ಟಿನ ಸಣ್ಣ ಚೂರುಗಳು ಅಲ್ಲಿ ಕಂಡರೆ, ದೊಡ್ಡವು ಜಾಲರಿಯಲ್ಲಿ ಸಿಕ್ಕಿರಬಹುದೆಂದು ಊಹಿಸಿ, ಮಾಡಿದ ಕೆಲಸವನ್ನೇ ಮತ್ತೆ ಬಿಚ್ಚಿ ಚೇಂಬರನ್ನು ಇಳಿಸುತ್ತಾರೆ.