ತುಂಗಭದ್ರಾ ಸೀಮೆಯ ರೈತರ ಮಕ್ಕಳೂ ಮೆಕಾಟ್ರಾನಿಕ್ಸ್ ವಿದ್ಯೆಯೂ

2024ನೆಯ ಇಸವಿ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಲ್ಲಿ ನಡೆದ ಸಂಗತಿಯು ಈ ಸೀಮೆಯ ಹಿಡುವಳಿದಾರರು ಮರೆಯತಕ್ಕದ್ದಲ್ಲ. ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿಯು ತುಂಡಾಗಿ ಗೇಟು ನದಿಯ ಪಾಲಾಯಿತು. ಜಲಾಶಯವು ತುಂಬಿ ನಿಂತಿದ್ದ ಕಾಲವದು. ಕಂಪ್ಲಿಯ ಕಡೆಯ ಗದ್ದೆಗಳಲ್ಲಿ ಭತ್ತದ ನಾಟಿಯ ಕಾಲವೂ ಅದೇ. ಅಣೆಕಟ್ಟಿನ ಮೇಲಣ ಒತ್ತಡವನ್ನು ಕಡಿಮೆ ಮಾಡುವುದಕ್ಕಾಗಿ ಉಳಿದ ಗೇಟುಗಳನ್ನೂ ತೆರೆಯಬೇಕಾಗಿ ಬಂದುದರಿಂದ, ಬೆಳೆಗೆಂದು ಕೂಡಿಟ್ಟಿದ್ದ ಹತ್ತಾರು ಟಿ.ಎಂ.ಸಿ. ನೀರು ಹೊಳೆಗೆ ಹರಿದುಹೋಯಿತು.

ಅಣೆಕಟ್ಟಿನ ಗೇಟುಗಳ ಕೆಲಸದಲ್ಲಿ ಬಹುಕಾಲದ ಅನುಭವವುಳ್ಳ ಶ್ರೀ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಕಬ್ಬಿಣದ ತಡೆಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಮುಂದೆ ಮಳೆ ಬಂದು ಜಲಾಶಯವು ಮತ್ತೆ ತುಂಬಿದುದು ರೈತರ ಪುಣ್ಯ. ಆದರೂ ಮಾರನೆಯ ವರ್ಷ, ಹಳೆಯ ಗೇಟುಗಳ ಸ್ಥಿತಿಯನ್ನು ಕಂಡು, ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ಒಂದು ಸರಪಳಿಯ ಕೊಂಡಿಗೂ ಸಹಸ್ರಾರು ಎಕರೆ ಗದ್ದೆಗೂ ಎಂತಹ ಸಂಬಂಧವಿದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಇಂತಹ ಗೇಟುಗಳನ್ನು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆಯು 1960ರಿಂದ ಹೊಸಪೇಟೆಯಲ್ಲಿಯೇ ಇದ್ದಿತು. ಅದನ್ನು ಮುಚ್ಚುವುದಕ್ಕೆ 2015ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ನೀಡಿತು. ಕೈಯಲ್ಲಿದ್ದ ಕಸುಬು ಊರಿನಿಂದ ಹೋದ ಮೇಲೆ ಅದನ್ನು ಮತ್ತೆ ಬೆಳೆಸುವ ಮಾರ್ಗವೆಂದರೆ ಮಕ್ಕಳಿಗೆ ವಿದ್ಯೆ ಕಲಿಸುವುದೊಂದೇ. ಈ ದೃಷ್ಟಿಯಿಂದ ಮೆಕಾಟ್ರಾನಿಕ್ಸ್ ಎಂಬ ಇಂಜಿನಿಯರಿಂಗ್ ಪದವಿಯ ವಿಷಯವನ್ನು ಗ್ರಾಮ ಪ್ರಮುಖರು ಅರಿತಿರುವುದು ಅವಶ್ಯ.

ಈ ವಿದ್ಯೆ ಯಾವುದು?

ಈ ಹೆಸರನ್ನು 1969ರಲ್ಲಿ ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರ್ ಟೆಟ್ಸುರೊ ಮೋರಿ ಎಂಬುವರು ರಚಿಸಿದರು. ಯಂತ್ರಶಾಸ್ತ್ರವೆಂಬ ಮೆಕ್ಯಾನಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಎಂಬ ಎರಡು ಮಾತುಗಳನ್ನು ಕೂಡಿಸಿದುದರಿಂದ ಈ ಪದವಾಯಿತು. ಇವೆರಡರ ಜೊತೆಗೆ ಕಂಪ್ಯೂಟರ್ ವಿದ್ಯೆಯೂ ನಿಯಂತ್ರಣ ಶಾಸ್ತ್ರವೂ ಈಗ ಇದರಲ್ಲಿ ಸೇರಿವೆ.

ರೈತರು ಕಣ್ಣಾರೆ ಕಂಡಿರುವ ಒಂದು ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಗದ್ದೆಯನ್ನು ಸಮ ಮಾಡುವ ಲೇಸರ್ ಲೆವೆಲರ್ ಎಂಬ ಉಪಕರಣದಲ್ಲಿ, ಹೊಲದ ಅಂಚಿನಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿದ ದೀಪವು ಒಂದೇ ಮಟ್ಟದಲ್ಲಿ ಕಿರಣವನ್ನು ಸುತ್ತಲೂ ಬೀರುತ್ತದೆ. ಟ್ರಾಕ್ಟರಿನ ಹಿಂದಣ ಬ್ಲೇಡಿಗೆ ಕಟ್ಟಿದ ಕಂಬದ ಮೇಲಿನ ಗ್ರಾಹಕವು ಆ ಕಿರಣವನ್ನು ಹಿಡಿಯುತ್ತದೆ. ಬ್ಲೇಡು ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಒಂದು ಚಿಕ್ಕ ಪೆಟ್ಟಿಗೆಯು ಲೆಕ್ಕ ಹಾಕಿ, ಎಣ್ಣೆಯ ಒತ್ತಡದಿಂದ ಬ್ಲೇಡನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಅರಿಯುವುದು, ವಿಚಾರಿಸುವುದು, ಕಾರ್ಯ ಮಾಡುವುದು ಎಂಬ ಈ ಮೂರೂ ಒಂದೇ ಯಂತ್ರದಲ್ಲಿ ಕೂಡಿರುವುದೇ ಮೆಕಾಟ್ರಾನಿಕ್ಸ್.

ಅಣೆಕಟ್ಟಿನ ಗೇಟಿಗೂ ಇದೇ ನ್ಯಾಯ. ಸರಪಳಿಯ ಮೇಲಿನ ಎಳೆತವನ್ನು ಅಳೆದು, ಅದು ಮಿತಿ ಮೀರಿದಾಗ ಎಚ್ಚರಿಕೆ ನೀಡುವ ಉಪಕರಣಗಳನ್ನು ಮಾಡಲು ಸಾಧ್ಯ. ಆದರೆ ಒಂದು ಮಾತನ್ನು ಮರೆಯಬಾರದು: ಉಪಕರಣವು ಕೇಡನ್ನು ತಿಳಿಸೀತೇ ಹೊರತು, ಸವೆದ ಕಬ್ಬಿಣವನ್ನು ಗಟ್ಟಿ ಮಾಡಲಾರದು. ಆದುದರಿಂದ ಕಬ್ಬಿಣದ ಗುಣವನ್ನೂ ವಿದ್ಯುತ್ತಿನ ಗುಣವನ್ನೂ ಒಟ್ಟಿಗೆ ಬಲ್ಲವರು ಬೇಕು.

ನಾಲ್ಕು ವರ್ಷಗಳ ವ್ಯಾಸಂಗ

ಪದವಿಯ ಅವಧಿಯು ನಾಲ್ಕು ವರ್ಷ. ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಯಂತ್ರಚಿತ್ರ, ವಿದ್ಯುತ್ತಿನ ಮೂಲತತ್ತ್ವಗಳು ಮತ್ತು ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವ ಕ್ರಮ ಇವುಗಳನ್ನು ಕಲಿಸುತ್ತಾರೆ. ಮುಂದಿನ ವರ್ಷಗಳಲ್ಲಿ ಲೋಹಗಳ ಬಲ, ಯಂತ್ರಗಳ ಚಲನೆ, ಎಲೆಕ್ಟ್ರಾನಿಕ್ಸ್, ಸೆನ್ಸರುಗಳು, ಎಣ್ಣೆ ಮತ್ತು ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳು, ಮೈಕ್ರೊಕಂಟ್ರೋಲರ್, ಕಾರ್ಖಾನೆಗಳಲ್ಲಿ ಬಳಸುವ ಪಿ.ಎಲ್.ಸಿ. ಹಾಗೂ ರೋಬಾಟುಗಳ ವಿಷಯ ಬರುತ್ತದೆ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ತಾವೇ ಒಂದು ಯಂತ್ರವನ್ನಾಗಲಿ ಉಪಕರಣವನ್ನಾಗಲಿ ರಚಿಸಿ ತೋರಿಸಬೇಕು.

ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸುವ ಹುಡುಗನಿಗೆ ಈ ವಿದ್ಯೆ ತಾನಾಗಿಯೇ ಒಲಿಯುವುದೆಂದು ಕೆಲವರು ಭಾವಿಸುತ್ತಾರೆ. ಕೈಚಳಕವು ಒಳ್ಳೆಯದೇ, ಆದರೆ ಗಣಿತದಲ್ಲಿ ಹಿಂದುಳಿದವರಿಗೆ ಮೊದಲ ವರ್ಷವೇ ಕಷ್ಟವಾಗುವುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷಿನ ಪಠ್ಯವು ಮೊದಲ ಕೆಲವು ತಿಂಗಳು ಭಾರವೆನಿಸುವುದು ಸಹಜ. ಆ ಕಾಲದಲ್ಲಿ ಮನೆಯವರು ಗದರಿಸದೆ ಧೈರ್ಯ ಹೇಳತಕ್ಕದ್ದು.

ಎಲ್ಲಿ ಕಲಿಯಬಹುದು?

ಕರ್ನಾಟಕದಲ್ಲಿ ಬೆಂಗಳೂರಿನ ಆಚಾರ್ಯ ಇನ್‌ಸ್ಟಿಟ್ಯೂಟ್, ಮೂಡಬಿದಿರೆಯ ಮೈಟ್ ಮತ್ತು ಮಣಿಪಾಲದ ಎಂ.ಐ.ಟಿ. ಮೊದಲಾದ ಕಡೆ ಈ ಪದವಿಯ ಬೋಧನೆ ಇದೆ. ದೂರ ಕಳುಹಿಸಲು ಅನುಕೂಲವಿಲ್ಲದವರು ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ವಿದ್ಯಾಲಯದಲ್ಲಿ ಅಥವಾ ಬಳ್ಳಾರಿಯ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಶಾಖೆಯನ್ನು ಸೇರಿ, ಐಚ್ಛಿಕ ವಿಷಯಗಳ ಮೂಲಕ ಈ ಕಡೆಗೆ ತಿರುಗಬಹುದು. ಸರ್ಕಾರದ ಕೆಲವು ನೇಮಕಾತಿ ಪ್ರಕಟಣೆಗಳಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಹಳೆಯ ಹೆಸರುಗಳೇ ಇರುವುದರಿಂದ, ಸರ್ಕಾರಿ ಕೆಲಸವನ್ನೇ ಬಯಸುವವರಿಗೆ ಈ ಮಾರ್ಗವೇ ಲೇಸು. ಖಾಸಗಿ ಕಾರ್ಖಾನೆಗಳನ್ನು ಸೇರುವವರಿಗೆ ಹೊಸ ಪದವಿಯಿಂದ ಅಡ್ಡಿಯಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿರುವ ಜಿಂದಾಲ್ ಉಕ್ಕಿನ ಕಾರ್ಖಾನೆಯಂತಹ ಕಡೆ, ಕಾದ ಉಕ್ಕನ್ನು ತಗಡಾಗಿ ಉರುಳಿಸುವ ಯಂತ್ರಗಳು ಇಂತಹ ನಿಯಂತ್ರಣದಿಂದಲೇ ನಡೆಯುತ್ತವೆ.

ಮೂರನೆಯ ಮಾರ್ಗವೊಂದಿದೆ, ಅದನ್ನು ಬಹುಮಂದಿ ಗಮನಿಸುವುದಿಲ್ಲ. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಜಿ.ಟಿ.ಟಿ.ಸಿ. ಎಂಬ ಸರ್ಕಾರಿ ತರಬೇತಿ ಸಂಸ್ಥೆಗೆ ಹೊಸಪೇಟೆಯಲ್ಲಿಯೂ ಕೇಂದ್ರವಿದೆ. ಈ ಸಂಸ್ಥೆಯು ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ನಡೆಸುವ ಡಿಪ್ಲೊಮಾಗಳಲ್ಲಿ ಮೆಕಾಟ್ರಾನಿಕ್ಸ್ ಕೂಡ ಒಂದು. ಯಾವ ಕೇಂದ್ರದಲ್ಲಿ ಯಾವ ಡಿಪ್ಲೊಮಾ ಇದೆಯೆಂಬುದನ್ನು ಹೊಸಪೇಟೆಯ ಕೇಂದ್ರದಲ್ಲಿ ವಿಚಾರಿಸಿ ತಿಳಿಯತಕ್ಕದ್ದು. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೆಲಸವೂ ಕೈಗೆ ಹತ್ತಿ, ಪದವಿಯ ಬಾಗಿಲೂ ತೆರೆದಿರುವುದರಿಂದ, ಸಣ್ಣ ಹಿಡುವಳಿದಾರರಿಗೆ ಇದು ವಿಚಾರಿಸತಕ್ಕ ಮಾರ್ಗ.

ಪತ್ರಗಳ ವಿಷಯ

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದಿದವರು ಸಿ.ಇ.ಟಿ. ಮೂಲಕ ಸರ್ಕಾರಿ ಪಾಲಿನ ಸೀಟನ್ನು ಪಡೆಯಬಹುದು. ಇದರಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿ ಇದೆ; ಇವಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಓದಿದುದಕ್ಕೆ ವ್ಯಾಸಂಗ ಪತ್ರ ಬೇಕು. ಅದಕ್ಕಿಂತ ದೊಡ್ಡ ಅನುಕೂಲವು ಸಂವಿಧಾನದ 371(ಜೆ) ಕಲಮಿನಿಂದ ದೊರೆತಿದೆ. 2013ರಿಂದ ಈ ಸೀಮೆಯ ಅಭ್ಯರ್ಥಿಗಳಿಗೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ 70 ಸೀಟುಗಳೂ, ರಾಜ್ಯದ ಉಳಿದ ಭಾಗಗಳಲ್ಲಿ ಶೇಕಡಾ 8 ಸೀಟುಗಳೂ ಮೀಸಲಾಗಿವೆ. ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳು ಮೂರೂ ಇದರೊಳಗೆ ಸೇರಿವೆ. ಇದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪತ್ರವು ಅವಶ್ಯ.

ಕಂಪ್ಲಿಯ ಆಸುಪಾಸಿನಲ್ಲಿ ನಾಲ್ಕು ಎಕರೆ ಗದ್ದೆಯುಳ್ಳ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ಮಗಳು ಚೆನ್ನಾಗಿ ಓದಿ ಸಿ.ಇ.ಟಿ. ಬರೆಯುತ್ತಾಳೆ, ಆದರೆ ಅರ್ಹತಾ ಪತ್ರವು ಸಕಾಲಕ್ಕೆ ಬಾರದೆ ಮೀಸಲಾತಿಯ ಸೀಟು ತಪ್ಪುತ್ತದೆ. ಓದು ನಿಲ್ಲಬಾರದೆಂದು ತಂದೆಯು ಒಂದು ಎಕರೆಯನ್ನು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುತ್ತಾನೆ. ಒಂದು ಕಾಗದದ ಅಭಾವದಿಂದ ಕಾಲುವೆಯ ನೀರಿನ ಒಂದು ಎಕರೆ ಭೂಮಿಯು ಕುಟುಂಬದಿಂದ ಹೋದಂತಾಯಿತು. ಇಂತಹ ನಷ್ಟವನ್ನು ತಪ್ಪಿಸುವುದಕ್ಕೆ ಹಣ ಬೇಕಿಲ್ಲ, ಮುಂದಾಲೋಚನೆಯೊಂದೇ ಸಾಕು.

ಗ್ರಾಮ ಪ್ರಮುಖರ ಕರ್ತವ್ಯ

ದೂರದ ವಿದ್ಯೆಯನ್ನು ನೀರಿನ ಕೆಲಸಕ್ಕೆ ಬಳಸುವುದು ಈ ಸೀಮೆಗೆ ಹೊಸದೇನೂ ಅಲ್ಲ. ಹಂಪೆಯ ರಾಯರ ಕಾಲದ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯ ಕೆಲಸದಲ್ಲಿ ಜೊವಾವ್ ಡೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನು ನೆರವಾದನೆಂದು ನುನಿಜನು ಬರೆದಿದ್ದಾನೆ. ಅಂದು ಅರಸನು ಪರದೇಶದವನನ್ನು ಕರೆಸಿದನು. ಇಂದು ಊರಿನ ಮಕ್ಕಳೇ ಆ ವಿದ್ಯೆಯನ್ನು ಕಲಿತು ಬರಬಹುದು.

ಆದುದರಿಂದ ಪ್ರತಿ ಗ್ರಾಮದ ಮುಖಂಡರೂ ಈ ಕೆಳಗಿನ ಮೂರು ವಿಷಯಗಳನ್ನು ಗಮನದಲ್ಲಿಡತಕ್ಕದ್ದು. ಒಂದನೆಯದಾಗಿ, ಪಿ.ಯು.ಸಿ.ಯ ಎರಡನೆಯ ವರ್ಷದಲ್ಲಿರುವ ಮಕ್ಕಳ ಪಟ್ಟಿ ಮಾಡಿ, ದೀಪಾವಳಿಯೊಳಗಾಗಿ ಅವರಿಂದ ಅರ್ಹತಾ ಪತ್ರ, ವ್ಯಾಸಂಗ ಪತ್ರ, ಜಾತಿ ಮತ್ತು ಆದಾಯ ಪತ್ರಗಳಿಗೆ ಅರ್ಜಿ ಹಾಕಿಸುವುದು. ಎರಡನೆಯದಾಗಿ, ಕಾಲೇಜನ್ನು ಆರಿಸುವ ಮೊದಲು ತಂದೆತಾಯಿಗಳು ಅಲ್ಲಿಗೆ ಹೋಗಿ ಕಾರ್ಯಾಗಾರವನ್ನು ಕಣ್ಣಾರೆ ನೋಡುವುದು. ಯಂತ್ರಗಳ ಮೇಲೆ ಧೂಳು ಕುಳಿತಿದ್ದರೆ ಅಲ್ಲಿ ಪಾಠವು ಪುಸ್ತಕದಲ್ಲಿಯೇ ನಿಂತಿದೆಯೆಂದು ತಿಳಿಯಬಹುದು. ಮೂರನೆಯದಾಗಿ, ಭೂಮಿ ಮಾರುವ ಮಾತು ಬಂದಾಗ ಡಿಪ್ಲೊಮಾ ಮಾರ್ಗವನ್ನೂ ಹತ್ತಿರದ ಕಾಲೇಜುಗಳನ್ನೂ ಮೊದಲು ವಿಚಾರಿಸುವುದು.

ಬೀಜವನ್ನು ಮಳೆಗೆ ಮುಂಚೆಯೇ ಆರಿಸಿಡುವ ರೈತನಿಗೆ ಈ ಎಚ್ಚರಿಕೆಯು ಹೊಸದಲ್ಲ. ಮಕ್ಕಳ ವಿದ್ಯೆಯ ವಿಷಯದಲ್ಲಿಯೂ ಅದನ್ನೇ ಅನುಸರಿಸಿದರೆ, ಮುಂದೊಂದು ದಿನ ತುಂಗಭದ್ರೆಯ ಗೇಟಿನ ಸರಪಳಿಯನ್ನು ಪರೀಕ್ಷಿಸುವ ಇಂಜಿನಿಯರು ಅದೇ ನೀರಿನಿಂದ ಬೆಳೆದ ಅನ್ನವನ್ನುಂಡ ಮನೆಯವರೇ ಆಗಿರುವರು.