ಮಳಿಗೆ ಹಾಕೋದು ಮದುವೆ ಮಾಡಿದಂಗೆ

ಬೆಂಗಳೂರಿನ ಮೇಳಕ್ಕೆ ಮಾಲು ತಗೊಂಡು ಹೋಗಿ, ಬಾಡಿಗೆ ಕಟ್ಟಿದ ಮಳಿಗೆಯಲ್ಲಿ ಮೊದಲ ದಿನ ಮಧ್ಯಾಹ್ನದವರೆಗೂ ಮೂಟೆ ಬಿಚ್ಚುತ್ತಾ ಕೂತವರನ್ನು ನೀವು ನೋಡಿರಬೇಕು. ಬ್ಯಾನರು ಬಂದಿಲ್ಲ, ತಕ್ಕಡಿ ಊರಲ್ಲೇ ಉಳಿದಿದೆ, ಪ್ಲಗ್ಗಿಗೆ ಕರೆಂಟಿಲ್ಲ. ಪಕ್ಕದ ಮಳಿಗೆಯವನು ಅಷ್ಟರಲ್ಲಿ ಬೋಣಿ ಮಾಡಿ, ಊಟ ಮುಗಿಸಿ, ಎರಡನೇ ಮೂಟೆಗೆ ಕೈ ಹಾಕಿರುತ್ತಾನೆ. ಮಾಲು ನೋಡಿದರೆ ನಮ್ಮದೇ ಒಂದು ಕೈ ಮೇಲು. ಆದರೆ ಗಿರಾಕಿ ನಿಂತು ಕಾಯೋದಿಲ್ಲ ಸ್ವಾಮಿ. ಮೂರು ದಿನದ ಮೇಳದಲ್ಲಿ ಅರ್ಧ ದಿನ ಹೋಯಿತು ಅಂದರೆ ಕಟ್ಟಿದ ಬಾಡಿಗೆಯಲ್ಲಿ ಆರನೇ ಒಂದು ಪಾಲು ಹೋಯಿತು ಅಂತಲೇ ಲೆಕ್ಕ.

ಹೊಸದುರ್ಗದ ಸಾವೆ, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ದಾಳಿಂಬೆ, ನಮ್ಮ ಜಿಲ್ಲೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ. ಮಾಲಿಗೆ ಬರವಿಲ್ಲ. ಮಳೆಗೆ ಬರ ಇದ್ದೀತು, ಅದು ಬೇರೆ ಮಾತು. ಇದರಲ್ಲಿ ಬಹುಪಾಲು ಮೂಟೆಯಾಗಿ ಹೊರಗೆ ಹೋಗಿ, ಬೇರೆಯವರ ಚೀಲ ಹೊಕ್ಕು, ಬೇರೆಯವರ ಹೆಸರಲ್ಲಿ ಮಾರಾಟವಾಗುತ್ತೆ. ಬೆಳೆದವರು, ನೇಯ್ದವರು, ಅರೆದು ಪುಡಿ ಮಾಡಿದವರು ತಿನ್ನೋರನ್ನು, ಉಡೋರನ್ನು ನೇರವಾಗಿ ನೋಡೋದಕ್ಕೆ ಇರುವ ಒಂದು ಕಿಂಡಿ ಅಂದರೆ ಈ ಮೇಳ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೃಷಿ ಇಲಾಖೆಯವರು ಸಾವಯವ ಮತ್ತು ಸಿರಿಧಾನ್ಯ ಮೇಳ ಶುರು ಮಾಡಿದ್ದು 2017ರಲ್ಲಿ. 2023, 2024, 2025ರಲ್ಲಿ ಅದು ಜನವರಿ ತಿಂಗಳಲ್ಲಿ ಮೂರು ಮೂರು ದಿನ ನಡೆಯಿತು. ಜಿಕೆವಿಕೆ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ. ಮೈಸೂರಿನ ದಸರಾ ವಸ್ತುಪ್ರದರ್ಶನವಂತೂ 1880ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲೇ ಶುರುವಾದದ್ದು. ಅಲ್ಲೂ ಒಂದು ಹಳೇ ರೋಗ ಉಂಟು. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿ ಒಳಗೆ ಹೋದರೆ ಎಷ್ಟೋ ಸರಕಾರಿ ಮಳಿಗೆಗಳಲ್ಲಿ ಇನ್ನೂ ಬಡಗಿ ಮೊಳೆ ಹೊಡೆಯುತ್ತಿರುತ್ತಾನೆ. ಪತ್ರಿಕೆಗಳಲ್ಲಿ ಈ ಸುದ್ದಿ ಹಬ್ಬದ ಹೋಳಿಗೆಯಂತೆ ತಿರುತಿರುಗಿ ಬರುತ್ತೆ. ಸರಕಾರಕ್ಕೆ ನಡೆಯುತ್ತೆ ಬಿಡಿ. ಬಡ್ಡಿಗೆ ದುಡ್ಡು ತಂದು ಬಾಡಿಗೆ ಕಟ್ಟಿದವನಿಗೆ ನಡೆಯೋಲ್ಲ.

ಜಾತ್ರೆಯವರನ್ನು ನೋಡಿ ಕಲೀರಿ

ಇದೆಲ್ಲ ಪೇಟೆಯವರ ವಿದ್ಯೆ, ನಮಗೆಲ್ಲಿ ಬರ್ತೈತೆ ಅನ್ನೋರಿಗೆ ಒಂದು ಮಾತು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೋ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೋ ಹೋಗಿ, ತೇರಿನ ಹಿಂದಿನ ರಾತ್ರಿ ಸುಮ್ಮನೆ ನಿಂತು ನೋಡಿ. ಬಳೆಯವರು, ಬತ್ತಾಸಿನವರು, ಆಟದ ಸಾಮಾನಿನವರು ಬಂದಿಳಿದು, ಗಳ ನೆಟ್ಟು, ತಾಡಪಾಲು ಕಟ್ಟಿ, ಬಲ್ಬು ಹೊತ್ತಿಸಿ, ಬೆಳಗಾಗೋದರೊಳಗೆ ಅಂಗಡಿ ತೆರೆದು ಕೂತಿರ್ತಾರೆ. ಅವರ ಗಾಡಿಯಲ್ಲಿ ಸಾಮಾನು ಹೇರಿರುವ ರೀತಿಯೇ ಬೇರೆ. ಮೊದಲು ಬೇಕಾಗುವ ಗಳ, ಹಗ್ಗ, ತಾಡಪಾಲು ಕೊನೆಗೆ ಹೇರಿರ್ತಾರೆ. ಕೊನೆಗೆ ಬೇಕಾಗುವ ಹೆಚ್ಚುವರಿ ಮಾಲು ಎಲ್ಲಕ್ಕಿಂತ ಒಳಗೆ. ನಮ್ಮವರು ಮೇಳಕ್ಕೆ ಹೊರಟಾಗ ಇದಕ್ಕೆ ಉಲ್ಟಾ. ಮೊದಲು ಬ್ಯಾನರು, ಟೇಬಲ್ ಬಟ್ಟೆ, ತಕ್ಕಡಿ ಎಲ್ಲ ಜೋಪಾನವಾಗಿ ಒಳಗಿಟ್ಟು, ಅದರ ಮೇಲೆ ಹತ್ತು ಮೂಟೆ ಒಟ್ಟಿ, ಅಲ್ಲಿ ಹೋಗಿ ಹತ್ತನ್ನೂ ಇಳಿಸಿದರೇ ಬ್ಯಾನರಿನ ಮುಖ ಕಾಣೋದು!

ದೊಡ್ಡವರು ಮಾಡಿದ್ದೂ ಇದನ್ನೇ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನ ನಡೆದಾಗ, ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋ ಮನುಷ್ಯ ಕಬ್ಬಿಣದ ಕಂಬ, ಗಾಜಿನ ಹಲಗೆ ಎಲ್ಲವನ್ನೂ ಬೇರೆ ಕಡೆ ಅಳತೆಗೆ ಮಾಡಿಸಿ ತಂದು, ಜಾಗದಲ್ಲಿ ಬರೀ ಜೋಡಿಸಿ, ವರ್ಷದೊಳಗೆ ಅರಮನೆಯಂಥಾ ಕಟ್ಟಡ ಎಬ್ಬಿಸಿಬಿಟ್ಟ. ಮೇಳ ಮುಗಿದ ಮೇಲೆ ಅದನ್ನು ಬಿಚ್ಚಿ ಇನ್ನೊಂದು ಕಡೆ ಕಟ್ಟಿದರು. ಊರಲ್ಲಿ ಸಿದ್ಧ ಮಾಡು, ಅಲ್ಲಿ ಜೋಡಿಸು. ಗುಟ್ಟು ಇಷ್ಟೇ.

ಹತ್ತಡಿ ಹತ್ತಡಿಯ ಸಂಸಾರ

ಮೇಳದವರು ಕೊಡುವ ಮಾಮೂಲಿ ಮಳಿಗೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಒಂಬತ್ತು ಚದರ ಮೀಟರ್, ಹೆಚ್ಚೂ ಕಡಿಮೆ 97 ಚದರಡಿ. ನಮ್ಮ ಸಂತೇಪೇಟೆಯ ಸಣ್ಣ ಅಂಗಡಿಯಷ್ಟು. ಅಲ್ಯೂಮಿನಿಯಂ ಕಂಬದ ನಡುವೆ ಬಿಳೀ ಹಲಗೆ ಸಿಕ್ಕಿಸಿರ್ತಾರಲ್ಲ, ಅದಕ್ಕೆ ಆಕ್ಟೋನಾರ್ಮ್ ಸ್ಟಾಲು ಅಂತಾರೆ. ಜರ್ಮನಿಯ ಕಂಪನಿಯೊಂದರ ಹೆಸರು ಅದು. ಕಂಬಕ್ಕೆ ಎಂಟು ಮೂಲೆ, ಎಂಟು ಗಾಡಿ. ಯಾವ ಕಡೆಯಿಂದ ಬೇಕಾದರೂ ಹಲಗೆ ಸಿಕ್ಕಿಸಬಹುದು. ಆ ಹಲಗೆಗೆ ಮೊಳೆ ಹೊಡೆಯುವ ಹಾಗಿಲ್ಲ, ಹೊಡೆದರೆ ದಂಡ ಕಟ್ಟಬೇಕು. ಎರಡೂ ಕಡೆ ಅಂಟುವ ಟೇಪು, ಕಂಬಿಯ ಕೊಕ್ಕೆ, ಸಣ್ಣ ಸರಪಳಿ ಊರಿಂದಲೇ ಒಯ್ಯಬೇಕು. ಅಲ್ಲಿ ಹೋಗಿ ಹುಡುಕಿದರೆ ಟೇಪಿಗೆ ಒಂದು ಬೆಲೆ, ತರೋಕೆ ಆಟೋಗೆ ಅದರ ನಾಲ್ಕರಷ್ಟು.

ಬಾಡಿಗೆಯಲ್ಲಿ ಏನೇನು ಸೇರಿದೆ ಅಂತ ಅರ್ಜಿ ಹಾಕುವಾಗಲೇ ಓದಿ. ಸಾಮಾನ್ಯವಾಗಿ ಒಂದು ಟೇಬಲ್ಲು, ಎರಡು ಕುರ್ಚಿ, ಎರಡು ಮೂರು ದೀಪ, ಒಂದು ಪ್ಲಗ್ಗು. ಸಾವೆ ಹಿಟ್ಟು ಬೀಸಿ ತೋರಿಸಬೇಕು, ಅದಕ್ಕೊಂದು ಸಣ್ಣ ಮೋಟಾರು ಅಂದರೆ ಆ ಪ್ಲಗ್ಗು ತಡೆಯೋಲ್ಲ. ಹೆಚ್ಚಿನ ಕರೆಂಟಿಗೆ ಮೊದಲೇ ಬರೆದು, ದುಡ್ಡು ಕಟ್ಟಿ, ರಸೀದಿ ಇಟ್ಟುಕೊಂಡಿರಬೇಕು. ಒಲೆ ಹಚ್ಚಿ ರುಚಿ ತೋರಿಸ್ತೀನಿ ಅನ್ನೋರಿಗೆ ಜಾಗವೇ ಬೇರೆ. ಮಳಿಗೆಯೊಳಗೆ ಗ್ಯಾಸು ಬಿಡೋದು ಕಷ್ಟ. ಇನ್ನು ನೆತ್ತಿಯ ಮೇಲಿನ ಹೆಸರಿನ ಪಟ್ಟಿ. ಅರ್ಜಿಯಲ್ಲಿ ಹೇಗೆ ಬರೆದಿರುತ್ತೀರೋ ಹಾಗೇ ಅಂಟಿಸಿರ್ತಾರೆ. ಅವಸರದಲ್ಲಿ ಅಕ್ಷರ ತಪ್ಪಿ ಬರೆದರೆ ಮೂರು ದಿನವೂ ಅದೇ ಹೆಸರಲ್ಲಿ ವ್ಯಾಪಾರ.

ಎಷ್ಟು ಮಾಲು ಒಯ್ಯಬೇಕು? ಇಲ್ಲಿ ಎಡವೋರೇ ಹೆಚ್ಚು. ಕೆಲವರು ಸ್ಯಾಂಪಲ್ಲಿನಷ್ಟು ಒಯ್ದು ಎರಡನೇ ದಿನ ಬರಿಗೈಲಿ ಕೂರ್ತಾರೆ, ಕೆಲವರು ಗೋಡೌನೇ ಹೊತ್ತುಕೊಂಡು ಹೋಗಿ ಅರ್ಧ ವಾಪಸು ತರ್ತಾರೆ. ಲೆಕ್ಕ ಸುಲಭ. ದಿನಕ್ಕೆ ಒಂಬತ್ತು ಗಂಟೆ, ಮೂರು ದಿನಕ್ಕೆ 27 ಗಂಟೆ. ಐದು ನಿಮಿಷಕ್ಕೊಂದು ಒಂದು ಕಿಲೋ ಪೊಟ್ಟಣ ಹೋಯಿತು ಅಂತಿಟ್ಟುಕೊಳ್ಳಿ, ಅದೂ ಒಳ್ಳೇ ವ್ಯಾಪಾರವೇ. ಗಂಟೆಗೆ 12, ಒಟ್ಟು 324. ಅಂದರೆ ಏಳು ಮೂಟೆಯೊಳಗೆ. ಒಂದು ಟಾಟಾ ಏಸ್ ಗಾಡಿಗೆ ಅದು ಹಗುರ. ಇಬ್ಬರು ಮೂವರು ಸೇರಿ ಒಂದೇ ಗಾಡಿ ಮಾಡಿದರೆ ಬಾಡಿಗೆ ಹಂಚಿ ಹೋಗುತ್ತೆ. ಹೊಸದುರ್ಗದ ಸಾವೆಯವರೂ ಹೊಳಲ್ಕೆರೆಯ ಅಡಿಕೆ ತಟ್ಟೆಯವರೂ ಒಂದೇ ಗಾಡಿಯಲ್ಲಿ ಹೋಗಬಾರದು ಅಂತ ಯಾವ ಶಾಸ್ತ್ರದಲ್ಲಿದೆ?

ದಾರಿ, ಗಾಡಿ, ಕಾಗದ

ದಿನವನ್ನು ಹಿಂದಿನಿಂದ ಎಣಿಸಬೇಕು, ಲಗ್ನದ ಮುಹೂರ್ತದಿಂದ ಚಪ್ಪರದ ದಿನ ಎಣಿಸಿದಂಗೆ. ಶುಕ್ರವಾರ ಬೆಳಿಗ್ಗೆ ಮೇಳ ಅಂದರೆ ಮಳಿಗೆ ಕೈಗೆ ಸಿಗೋದು ಹೆಚ್ಚಾಗಿ ಗುರುವಾರ. ದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ನಾಲ್ಕೈದು ಗಂಟೆ ದಾರಿ ತಾನೆ, ಬೆಳಿಗ್ಗೆ ತಿಂಡಿ ತಿಂದು ಹೊರಟರಾಯ್ತು ಅಂತೀರಿ. ಆಗೋದು ಬೇರೆ. ಊರೊಳಗೆ ಓಡಾಟ ಹೆಚ್ಚಿರುವ ಹೊತ್ತಿನಲ್ಲಿ ಸರಕು ಗಾಡಿಗಳಿಗೆ ಬೆಂಗಳೂರು ಪೊಲೀಸರ ನಿರ್ಬಂಧವುಂಟು. ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನ ಮುಟ್ಟಬೇಕಾದರೆ ನಸುಕಿನಲ್ಲೇ ಊರು ಹೊಕ್ಕಿರಬೇಕು. ಅಂದರೆ ಬುಧವಾರ ರಾತ್ರಿ ಊಟ ಮುಗಿಸಿ ಇಲ್ಲಿಂದ ಬಿಡಬೇಕು. ತುಮಕೂರು ರಸ್ತೆಯ ಮಾದಾವರದಲ್ಲಿರುವ ವಸ್ತುಪ್ರದರ್ಶನ ಕೇಂದ್ರಕ್ಕಾದರೆ ನಮ್ಮ ಕಡೆಯವರೇ ಪುಣ್ಯವಂತರು. ನೆಲಮಂಗಲ ದಾಟಿದೊಡನೆ ಸಿಗುತ್ತೆ, ಪೇಟೆಯ ಗದ್ದಲ ಹೊಗುವ ಕೆಲಸವೇ ಇಲ್ಲ. 2024ರ ನವೆಂಬರಿನಲ್ಲಿ ಮೆಟ್ರೋ ಕೂಡ ಅಲ್ಲಿಯವರೆಗೆ ಬಂತು.

ಮೈಸೂರಿಗೆ ಹೋಗೋರು ಬೆಂಗಳೂರು ಸುತ್ತಬೇಕಾಗಿಲ್ಲ. ಹಿರಿಯೂರಿನಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಶ್ರೀರಂಗಪಟ್ಟಣದ ದಾರಿ ಹಿಡಿದರೆ ಸರಿ. ರೈಲಿನ ಮಾತು ಬೇಡ. ಹಿರಿಯೂರಿಗೆ ಹಳಿಯಿಲ್ಲ, ಹೊಸದುರ್ಗ ರೋಡ್ ಸ್ಟೇಷನ್ನಿಗೂ ಹೊಸದುರ್ಗಕ್ಕೂ ಇರುವ ದೂರ ಮೂಟೆ ಹೊತ್ತವರಿಗೇ ಗೊತ್ತು. ಸಣ್ಣ ಪಾರ್ಸೆಲ್ಲುಗಳಿಗೆ ಕೆಎಸ್‌ಆರ್‌ಟಿಸಿ 2021ರಲ್ಲಿ ತಂದ ನಮ್ಮ ಕಾರ್ಗೋ ಇದೆ. ನಡುವೆ ಮಾಲು ಖಾಲಿಯಾದರೆ ಊರಿಂದ ಒಂದು ಚೀಲ ಬಸ್ಸಿಗೆ ಹಾಕಿಸಿ, ಅಲ್ಲಿ ಬಿಡಿಸಿಕೊಳ್ಳಬಹುದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸ್ವಸಹಾಯ ಸಂಘದ ಅಕ್ಕಂದಿರಿಗೆ ಟಿಕೆಟ್ಟಿನ ಖರ್ಚು ಉಳಿಯಿತು. ಟಿಕೆಟ್ಟು ಪುಕ್ಕಟೆ ಅಂತ ಮೂಟೆಯೂ ಪುಕ್ಕಟೆ ಅಲ್ಲ ಅಮ್ಮಣ್ಣಿ, ಮಿತಿ ಮೀರಿದ ಲಗ್ಗೇಜಿಗೆ ಕಂಡಕ್ಟರು ಕೇಳೇ ಕೇಳ್ತಾನೆ.

ಕಾಗದಪತ್ರದ ವಿಷಯದಲ್ಲಿ ನಮ್ಮ ಅಂಗಡಿಯವರಿಗೆ ಹೇಳಿಕೊಡೋದೇನೂ ಇಲ್ಲ, ಆದರೂ ಮರೀತಾರೆ. ತೆರಿಗೆ ಬೀಳುವ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ, ಇನ್ನೂ ಮಾರಿಲ್ಲ, ಬರೀ ತೋರಿಸೋಕೆ ಒಯ್ತಿದ್ದೀನಿ ಅಂದರೂ ಇ-ವೇ ಬಿಲ್ಲು ಬೇಕು. ಜೊತೆಗೆ ಡೆಲಿವರಿ ಚಲನ್ನು. ಜಿಎಸ್‌ಟಿ ಇರುವವರು ಹೊರ ರಾಜ್ಯದ ಮೇಳಕ್ಕೆ ಹೋಗಿ ಮಾರುವುದಾದರೆ ಆ ರಾಜ್ಯದಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಅರ್ಜಿ ವ್ಯಾಪಾರ ಶುರುವಾಗುವ 5 ದಿನ ಮೊದಲಾದರೂ ಹೋಗಿರಬೇಕು. ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ತೂಕ, ಬೆಲೆ, ತಯಾರಾದ ದಿನ ಇರಲೇಬೇಕು. ಬೆಂಗಳೂರಿನ ಗಿರಾಕಿ ಪೊಟ್ಟಣ ತಿರುಗಿಸಿ ಓದಿ, ಸುಮ್ಮನೆ ಇಟ್ಟು ಹೋಗ್ತಾನೆ. ಯಾಕೆ ಬಿಟ್ಟ ಅಂತ ನಮಗೆ ಗೊತ್ತೇ ಆಗೋಲ್ಲ.

ಮಳಿಗೆಗೆ ಮೂವರು ಬೇಕು. ಇಬ್ಬರಾದರೆ ಒಬ್ಬರು ಊಟಕ್ಕೋ ಶೌಚಕ್ಕೋ ಹೋದಾಗ ಉಳಿದವರು ತೂಗಬೇಕೋ, ಮಾತಾಡಬೇಕೋ, ದುಡ್ಡು ಎಣಿಸಬೇಕೋ? ಫೋನಿಗೆ ದುಡ್ಡು ಬರುತ್ತೆ ಅಂತ ಚಿಲ್ಲರೆ ಒಯ್ಯದೆ ಇರಬೇಡಿ. ಸಾವಿರಾರು ಜನ ಒಂದೇ ಮೈದಾನದಲ್ಲಿ ಫೋನು ತೆಗೆದರೆ ನೆಟ್‌ವರ್ಕು ಕೈಕೊಡುತ್ತೆ. ರಾತ್ರಿ ಉಳಿಯೋಕೆ ಪೀಣ್ಯ, ದಾಸರಹಳ್ಳಿಯಲ್ಲಿ ನಮ್ಮ ಜಿಲ್ಲೆಯವರ ನೆಂಟರು ಇದ್ದೇ ಇರ್ತಾರೆ. ಅವರಿಗೆ ಒಂದು ಕಿಲೋ ಸಾವೆ ಅಕ್ಕಿ ಕೊಟ್ಟರೆ ಲಾಡ್ಜಿನ ಬಾಡಿಗೆ ಉಳಿಯಿತು.

ಬಾಡಿಗೆಯ ಭಾರ ತಗ್ಗಿಸೋಕೆ ಒಂದು ದಾರಿ ಇದೆ. ಸಣ್ಣ ಕೈಗಾರಿಕೆಯೆಂದು ನೋಂದಾಯಿಸಿಕೊಂಡವರಿಗೆ ಮೇಳದ ಮಳಿಗೆ ಬಾಡಿಗೆಯಲ್ಲಿ ಒಂದು ಪಾಲು ಹಿಂದಿರುಗಿಸುವ ಕೇಂದ್ರ ಸರಕಾರದ ಯೋಜನೆ ಉಂಟು. ಹೆಂಗಸರಿಗೆ, ಪರಿಶಿಷ್ಟರಿಗೆ ಪಾಲು ಹೆಚ್ಚು. ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯುವ ಲೆಕ್ಕ ಅದು. ಕೈಯಲ್ಲಿ ಇಲ್ಲದವನು ಮೊದಲು ಎಲ್ಲಿಂದ ಕಟ್ಟಬೇಕು ಅನ್ನೋದು ಕೇಳಬೇಕಾದ ಪ್ರಶ್ನೆಯೇ. ಆದರೂ ಮೇಳಕ್ಕೆ ಎರಡು ಮೂರು ತಿಂಗಳಿರುವಾಗಲೇ ದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದ ಬಾಗಿಲು ತಟ್ಟಿ, ಯಾವ ಮೇಳ ಪಟ್ಟಿಯಲ್ಲಿದೆ, ಯಾವ ಕಾಗದ ಕೇಳ್ತಾರೆ ಅಂತ ಬರೆಸಿಕೊಂಡು ಬನ್ನಿ. ಕೃಷಿ ಮೇಳವಾದರೆ ತಾಲ್ಲೂಕಿನ ಕೃಷಿ ಇಲಾಖೆಯಲ್ಲೂ ವಿಚಾರಿಸಿ. ಇಲಾಖೆಯ ಲೆಕ್ಕದಲ್ಲಿ ರೈತ ಗುಂಪುಗಳಿಗೆ ಜಾಗ ಇದೆಯೇ ಅಂತ ಬಾಯಿಬಿಟ್ಟು ಕೇಳಿದವರಿಗೇ ಉತ್ತರ ಸಿಗೋದು.

ಕೊನೆಯ ದಿನದ ಸಂಜೆ ಒಂದು ಎಚ್ಚರ. ಮೇಳ ಮುಗಿಯೋ ಗಂಟೆಗೆ ಎಲ್ಲಾ ಗಾಡಿಗಳೂ ಒಂದೇ ಗೇಟಿಗೆ ನುಗ್ತಾವೆ. ಮಾಲು ಹೊರಗೆ ಬಿಡೋಕೆ ಪಾಸು ಕೇಳ್ತಾರೆ. ಆ ಪಾಸನ್ನು ಮಧ್ಯಾಹ್ನವೇ ಬರೆಸಿಟ್ಟುಕೊಳ್ಳಿ. ಮಳಿಗೆ ಬಿಚ್ಚುವ ಮೊದಲು ಹೆಸರಿನ ಪಟ್ಟಿ ಕಾಣುವ ಹಾಗೆ ನಾಲ್ಕು ಫೋಟೋ, ಬಾಡಿಗೆಯ ಅಸಲು ರಸೀದಿ, ಗಾಡಿಯವನ ಬಿಲ್ಲು ಮೂರನ್ನೂ ಒಂದೇ ಕವರಿಗೆ ಹಾಕಿ ಯಜಮಾನ್ರ ಜೇಬಿನಲ್ಲಿಡಿ, ಮೂಟೆಯಲ್ಲಲ್ಲ.