ಗಣಕಯಂತ್ರ ಏಳದಿದ್ದಾಗ ಮನೆಯವರು ಮಾಡಬೇಕಾದುದೇನು?

ಒಂದು ಕಾಲಕ್ಕೆ ನಮ್ಮ ಮನೆಗಳ ಲೆಕ್ಕಪತ್ರ, ಹೊಲದ ಉತಾರ, ಮಕ್ಕಳ ಅಂಕಪಟ್ಟಿ, ಹಿರಿಯರ ಕಾಗದಗಳು ಇವೆಲ್ಲವೂ ತಗಡಿನ ಟ್ರಂಕಿನಲ್ಲಿ ಭದ್ರವಾಗಿರುತ್ತಿದ್ದವು. ಕೀಲಿಕೈ ಕಳೆದುಹೋದರೆ ಮನೆಯ ಹಿರಿಯರು ಕೀಲಿಯನ್ನು ಒಡೆಯಿಸುತ್ತಿದ್ದರೇ ಹೊರತು ಟ್ರಂಕನ್ನು ಸುಟ್ಟುಹಾಕುತ್ತಿರಲಿಲ್ಲ. ಇಂದು ಆ ಟ್ರಂಕಿನ ಸ್ಥಾನವನ್ನು ಗಣಕಯಂತ್ರವು ಪಡೆದಿದೆ. ಆದರೆ ಅದರ ಕೀಲಿ ಕೆಟ್ಟಾಗ ನಾವು ಮಾಡುತ್ತಿರುವುದು ಟ್ರಂಕನ್ನು ಸುಡುವ ಕೆಲಸವನ್ನೇ. ಈ ಮಾತನ್ನು ನಾವು ಸ್ವಂತ ನಷ್ಟದಿಂದ ಕಲಿತವರಾದ್ದರಿಂದ, ಓದುಗ ಬಂಧುಗಳ ಮುಂದೆ ಅದನ್ನು ವಿವರವಾಗಿ ಇಡಬಯಸುತ್ತೇವೆ.

ನಮ್ಮ ಮನೆಯಲ್ಲಿ ಆದದ್ದು

ಕೆಲವು ವರ್ಷಗಳ ಹಿಂದೆ ಹಾವೇರಿಯ ನಮ್ಮ ಮನೆಯ ಗಣಕಯಂತ್ರವು ಒಂದು ಮುಂಜಾನೆ ಏಳಲೇ ಇಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಪಂಖ ತಿರುಗುತ್ತಿತ್ತು. ಪರದೆಯ ಮೇಲೆ ಮಾತ್ರ ಯಾವುದೋ ಕಡತವು ಕೆಟ್ಟಿದೆ ಎಂಬ ಇಂಗ್ಲಿಷ್ ಬರಹ ಬಂದು ನಿಂತುಬಿಡುತ್ತಿತ್ತು. ಅದನ್ನು ಹೊತ್ತು ದುರಸ್ತಿಯ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗ ನೋಡಿ, “ಫಾರ್ಮ್ಯಾಟ್ ಮಾಡಬೇಕಾಗತೈತ್ರಿ. ಒಳಗ ಏನರ ಮುಖ್ಯದ್ದು ಐತೇನ್ರಿ?” ಎಂದು ಕೇಳಿದ. ಅವಸರದಲ್ಲಿದ್ದ ನಾವು, “ಅಂಥಾದ್ದೇನಿಲ್ಲಪ್ಪಾ” ಎಂದುಬಿಟ್ಟೆವು.

ಸಂಜೆಗೆ ಯಂತ್ರವು ಹೊಸದರಂತೆ ಓಡಿತು. ರಾತ್ರಿ ಊಟವಾದ ಮೇಲೆ ತಂಗಿಯು ಬಂದು, “ಅಣ್ಣಾ, ಅವ್ವನ ಪದ ಹಚ್ಚು” ಎಂದಾಗ ನಮ್ಮ ಎದೆ ಧಸಕ್ಕೆಂದಿತು. ತೀರಿಹೋಗುವ ಮುಂಚಿನ ಎರಡು ವರ್ಷ ನಮ್ಮ ತಾಯಿಯವರು ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ಅದೇ ಯಂತ್ರದ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದೆವು. ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲವೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುತ್ತದೆ, ಫಾರ್ಮ್ಯಾಟ್ ಆಗುವುದೂ ಅದೇ ಭಾಗ ಎಂಬ ಸಣ್ಣ ಸಂಗತಿ ನಮಗೆ ತಿಳಿದಿರಲಿಲ್ಲ. ಆ ಹುಡುಗನನ್ನು ದೂರುವಂತಿಲ್ಲ. ಅವನು ಕೇಳಿದ್ದ, ನಾವು ಹೇಳಲಿಲ್ಲ.

ಯಂತ್ರವು ಏಳುವ ಬಗೆ

ಗಣಕಯಂತ್ರವು ಏಳುವುದೆಂದರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಕೆಲಸ. ಗುಂಡಿ ಒತ್ತಿದ ಕೂಡಲೇ ಮದರ್‌ಬೋರ್ಡಿನಲ್ಲಿ ಶಾಶ್ವತವಾಗಿ ಬರೆದಿಟ್ಟ ಪುಟ್ಟ ಕಾರ್ಯಕ್ರಮವೊಂದು ಎಚ್ಚರಗೊಂಡು ಮೆಮೊರಿ, ಕೀಲಿಮಣೆ, ಡಿಸ್ಕು ಇವೆಯೇ ಎಂದು ನೋಡುತ್ತದೆ. ಬಳಿಕ ಅದು ಡಿಸ್ಕಿನಲ್ಲಿರುವ ವಿಂಡೋಸ್‌ನ ಮೊದಲ ಕಡತವನ್ನು ಕರೆಯುತ್ತದೆ. ಆ ಕಡತವು ಮುಂದಿನದನ್ನು, ಅದು ಇನ್ನೊಂದನ್ನು ಎಬ್ಬಿಸುತ್ತ ಹೋಗುತ್ತವೆ. ಈ ಸರಪಳಿಯ ಒಂದು ಕೊಂಡಿ ಕೆಟ್ಟರೂ ಯಂತ್ರವು ಅಲ್ಲಿಗೇ ನಿಲ್ಲುತ್ತದೆ. ಹಳೆಯ ಎಕ್ಸ್‌ಪಿ ಯಂತ್ರಗಳಲ್ಲಿ ಕಾಣುತ್ತಿದ್ದ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂಬ ಬರಹವೂ, ಈಗಿನ ಯಂತ್ರಗಳ ನೀಲಿ ಪರದೆಯೂ, ‘ಆಟೊಮ್ಯಾಟಿಕ್ ರಿಪೇರ್’ ಎಂದು ಹೇಳುತ್ತಲೇ ಮತ್ತೆ ಮತ್ತೆ ಸುತ್ತುವುದೂ ಹಲವು ಸಲ ಈ ದೋಷದ ಗುರುತುಗಳೇ.

ಕಡತಗಳು ಕೆಡುವುದೇಕೆ? ಯಂತ್ರವು ಡಿಸ್ಕಿನಲ್ಲಿ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಬರಹವು ಅರ್ಧಕ್ಕೆ ನಿಲ್ಲುತ್ತದೆ. ವಿಂಡೋಸ್ ತನ್ನನ್ನು ತಾನು ನವೀಕರಿಸಿಕೊಳ್ಳುತ್ತಿರುವಾಗ ಗುಂಡಿ ಒತ್ತಿ ಆರಿಸಿದರೂ ಅದೇ ಗತಿ. ಡಿಸ್ಕು ಮುಪ್ಪಾಗಿ ಸವೆಯುವುದು, ವೈರಸ್ಸು ಸೇರುವುದು, ಯಂತ್ರವನ್ನು ಚುರುಕುಗೊಳಿಸುತ್ತೇವೆಂದು ಹೇಳಿಕೊಳ್ಳುವ ಕಂಡಕಂಡ ತಂತ್ರಾಂಶಗಳನ್ನು ಹಾಕಿಕೊಳ್ಳುವುದು ಉಳಿದ ಕಾರಣಗಳು.

ಇಲ್ಲಿ ಗಮನಿಸಬೇಕಾದ ಮುಖ್ಯ ಮಾತೊಂದಿದೆ. ಕೆಟ್ಟಿರುವುದು ಯಂತ್ರವನ್ನು ಎಬ್ಬಿಸುವ ಕಡತಗಳು. ನಾವು ಬರೆದಿಟ್ಟ ಲೆಕ್ಕ, ಚಿತ್ರ, ಧ್ವನಿಗಳು ಅದೇ ಡಿಸ್ಕಿನಲ್ಲಿ ಬಹುಪಾಲು ಹಾಗೆಯೇ ಉಳಿದಿರುತ್ತವೆ. ಅವು ಹೋಗುವುದು ಹೆಚ್ಚಾಗಿ ದುರಸ್ತಿಯ ಅವಸರದಲ್ಲಿ.

ಬ್ಯಾಡಗಿಯ ಅಂಗಡಿಯಲ್ಲಿ

ಈ ತಿಳಿವಳಿಕೆ ನಮಗೆ ಎರಡನೆಯ ಸಲ ಉಪಯೋಗಕ್ಕೆ ಬಂತು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ನಮ್ಮ ಬೀಗರೊಬ್ಬರ ದಲಾಲಿ ಅಂಗಡಿಯಿದೆ. ಅಲ್ಲಿ ಸೋಮವಾರ, ಗುರುವಾರಗಳೆಂದರೆ ಟೆಂಡರಿನ ದಿನಗಳು. ಸುಗ್ಗಿಯಲ್ಲಿ ಕೂಡಲು ಪುರಸೊತ್ತಿರುವುದಿಲ್ಲ. ಅಂಥದೊಂದು ಭಾನುವಾರ ರಾತ್ರಿ ಯಂತ್ರವು ನವೀಕರಣಗೊಳ್ಳುತ್ತಿರುವಾಗ ವಿದ್ಯುತ್ತು ಹೋಯಿತು. ಬೆಳಗಿನಲ್ಲಿ ನೋಡಿದರೆ ನೀಲಿ ಪರದೆ. ಯಾವ ರೈತನ ಎಷ್ಟು ಚೀಲ, ಯಾರಿಗೆ ಎಷ್ಟು ಮುಂಗಡ, ಯಾರ ಪಟ್ಟಿಯ ಹಣ ಬಾಕಿ ಎಂಬ ಇಡೀ ಹಂಗಾಮಿನ ಲೆಕ್ಕ ಅದರೊಳಗಿತ್ತು. ದುಡಿದವರ ಹಣದ ಲೆಕ್ಕ ತಪ್ಪಿದರೆ ಅಂಗಡಿಯ ನಂಬಿಕೆಯೇ ಹೋದಂತೆ. ಬೀಗರ ಮುಖ ಬಾಡಿತ್ತು.

ಅವರ ಮಗನು ಬೆಂಗಳೂರಿನಿಂದ ದೂರವಾಣಿಯಲ್ಲಿ ಹೇಳುತ್ತ ಹೋದಂತೆ ನಾವು ಮಾಡಿದೆವು. ಯಂತ್ರವು ಏಳುತ್ತಿರುವಾಗಲೇ ಎರಡು ಮೂರು ಸಲ ಗುಂಡಿ ಒತ್ತಿಹಿಡಿದು ಆರಿಸಿದಾಗ ವಿಂಡೋಸ್ ತನ್ನ ದುರಸ್ತಿಯ ಪುಟವನ್ನು ತಾನೇ ತೆರೆಯಿತು. ಅಲ್ಲಿ ‘ಸ್ಟಾರ್ಟಪ್ ರಿಪೇರ್’ ಎಂಬುದನ್ನು ಒತ್ತುವ ಆಸೆಯಾಯಿತು. ಹುಡುಗನು, “ಕಾಕಾ, ಮೊದಲು ಲೆಕ್ಕ ಹೊರಗ ತಗೀರಿ, ಆಮ್ಯಾಲೆ ರಿಪೇರಿ” ಎಂದು ತಡೆದನು. ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿಯನ್ನು ತೆರೆದು ‘ನೋಟ್‌ಪ್ಯಾಡ್’ ಎಂದು ಬರೆದೆವು. ಬರೆಯುವ ಹಾಳೆ ತೆರೆಯಿತು. ಅದರ ‘ಫೈಲ್’ ಪಟ್ಟಿಯಲ್ಲಿ ‘ಓಪನ್’ ಒತ್ತಿ, ಎಲ್ಲ ಬಗೆಯ ಕಡತಗಳನ್ನೂ ತೋರಿಸೆಂದು ಆರಿಸಿದಾಗ ಡಿಸ್ಕಿನಲ್ಲಿದ್ದುದೆಲ್ಲವೂ ಕಣ್ಣಿಗೆ ಬಿತ್ತು. ಸಿ ಎಂದು ನಾವು ಬಲ್ಲ ಭಾಗವು ಅಲ್ಲಿ ಡಿ ಎಂಬ ಹೆಸರಿನಲ್ಲಿತ್ತು. ದುರಸ್ತಿಯ ಪುಟದಲ್ಲಿ ಹೀಗೆ ಅಕ್ಷರ ಬದಲಾಗುವುದುಂಟು, ಗಾಬರಿಯಾಗಬೇಕಿಲ್ಲ. ಲೆಕ್ಕದ ಫೋಲ್ಡರನ್ನು ಅಲ್ಲಿಂದಲೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಆಗ ಬೀಗರು ಮೊದಲ ಸಲ ಚಹಾ ತರಿಸಿದರು!

ಆಮೇಲೆ ದುರಸ್ತಿ. ‘ಸ್ಟಾರ್ಟಪ್ ರಿಪೇರ್’ ಫಲಿಸಲಿಲ್ಲ. ‘ಚೆಕ್ ಡಿಸ್ಕ್’ ಎಂಬ ಆಜ್ಞೆಯಿಂದ ಡಿಸ್ಕಿನ ಬರಹದ ತಪ್ಪುಗಳನ್ನು ತಿದ್ದಿಸಿ, ‘ಎಸ್‌ಎಫ್‌ಸಿ’ ಎಂಬ ಕಡತ ಪರೀಕ್ಷಕನನ್ನು ಓಡಿಸಿದೆವು. ವಿಂಡೋಸ್ ತನ್ನ ಮುಖ್ಯ ಕಡತಗಳ ಸರಿಯಾದ ಪ್ರತಿಗಳನ್ನು ತನ್ನೊಳಗೇ ಬೇರೆಡೆ ಕಾದಿಟ್ಟಿರುತ್ತದೆ. ಈ ಪರೀಕ್ಷಕನು ಒಂದೊಂದನ್ನೂ ಹೋಲಿಸಿ ನೋಡಿ, ಕೆಟ್ಟುದರ ಜಾಗದಲ್ಲಿ ಒಳ್ಳೆಯದನ್ನು ಇಡುತ್ತಾನೆ. ದುರಸ್ತಿಯ ಪುಟದಿಂದ ಅವನನ್ನು ಕರೆಯುವಾಗ ವಿಂಡೋಸ್ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಆಜ್ಞೆಯಲ್ಲಿಯೇ ಸೇರಿಸಿ ಹೇಳಬೇಕು. ಹೇಳದಿದ್ದರೆ ಸರಿಯಾದ ಕಡೆ ಹುಡುಕುವುದಿಲ್ಲ. ಬಹಳ ಹೊತ್ತಿನ ಬಳಿಕ ಯಂತ್ರವು ಎದ್ದಿತು. ಏಳದಿದ್ದರೂ ಅಂದು ಯಾವ ರೈತನಿಗೂ ನಷ್ಟವಾಗುತ್ತಿರಲಿಲ್ಲ. ಲೆಕ್ಕವು ಆಗಲೇ ಬೀಗರ ಜೇಬಿನಲ್ಲಿತ್ತು.

ರಾಣೇಬೆನ್ನೂರಿನ ಗುರುಗಳ ಬರಹ

ಮೂರನೆಯದು ರಾಣೇಬೆನ್ನೂರಿನಲ್ಲಿ ಆದದ್ದು. ಅಲ್ಲಿಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ಇತಿಹಾಸವನ್ನು ಹಲವು ವರ್ಷ ಕುಳಿತು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರು. ಯಂತ್ರ ಕೆಟ್ಟಾಗ ದುರಸ್ತಿಯವರು ಜಾಣ್ಮೆಯಿಂದ ಎಲ್ಲ ಕಡತಗಳನ್ನೂ ಮೊದಲೇ ತೆಗೆದಿಟ್ಟು ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಆದರೆ ಗುರುಗಳು ಕಡತವನ್ನು ತೆರೆದಾಗ ಕನ್ನಡದ ಒಂದು ಅಕ್ಷರವೂ ಇಲ್ಲ. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ದುಡಿಮೆಯೆಲ್ಲ ನೀರುಪಾಲಾಯಿತೆಂದು ಅವರು ಎರಡು ದಿನ ಊಟ ಬಿಟ್ಟರಂತೆ.

ನಿಜದಲ್ಲಿ ಏನೂ ಹೋಗಿರಲಿಲ್ಲ. ಹಳೆಯ ನುಡಿಯ ಬರಹಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿಯೇ ಉಳಿದಿರುತ್ತವೆ. ಅವುಗಳಿಗೆ ಕನ್ನಡದ ರೂಪ ಕೊಡುವುದು ನುಡಿಯ ಅಕ್ಷರಶೈಲಿ, ಅಂದರೆ ಫಾಂಟು. ಹೊಸ ವಿಂಡೋಸ್‌ನಲ್ಲಿ ಆ ಫಾಂಟು ಇರಲಿಲ್ಲ, ಅಷ್ಟೆ. ನುಡಿಯನ್ನು ಮತ್ತೆ ಹಾಕಿದ ಕೂಡಲೇ ಅಕ್ಷರಗಳು ಮರಳಿ ಬಂದವು. ಗುರುಗಳು ಪರದೆಯ ಮೇಲೆ ಕೈಯಾಡಿಸಿ ಸುಮ್ಮನೆ ಕುಳಿತರು. ಹಳೆಯ ನುಡಿ, ಬರಹಗಳಲ್ಲಿ ಬೆರಳಚ್ಚು ಮಾಡಿದವರು ಈ ಮಾತನ್ನು ನೆನಪಿಡಬೇಕು. ಸಾಧ್ಯವಾದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಜಗತ್ತೇ ತಡೆದು ನಿಂತ ದಿನ

ಇಂಥ ಆಪತ್ತು ನಮ್ಮಂಥ ಸಣ್ಣವರಿಗೆ ಮಾತ್ರ ಬರುವುದೆಂದು ತಿಳಿಯಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಸಂಸ್ಥೆಯು ಜಗತ್ತಿನಾದ್ಯಂತ ತನ್ನ ಗ್ರಾಹಕರ ಯಂತ್ರಗಳಿಗೆ ಕಳುಹಿಸಿದ ಒಂದು ಪುಟ್ಟ ಕಡತದಲ್ಲಿ ದೋಷವಿತ್ತು. ವಿಂಡೋಸ್ ಏಳುವ ಹೊತ್ತಿಗೇ ಓದಲ್ಪಡುವ ಕಡತವದು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಬ್ಯಾಂಕು, ಆಸ್ಪತ್ರೆ, ವಿಮಾನ ನಿಲ್ದಾಣಗಳು ಕಂಗೆಟ್ಟವು. ಬೆಂಗಳೂರಿನಲ್ಲಿಯೂ ವಿಮಾನಗಳು ತಡವಾದವು. ನಮ್ಮ ದೇಶದ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟದ್ದೂ ಉಂಟು. ಸಂಸ್ಥೆಯು 78 ನಿಮಿಷಗಳಲ್ಲಿ ತನ್ನ ತಪ್ಪನ್ನು ತಿದ್ದಿಕೊಂಡರೂ, ಆಗಲೇ ಬಿದ್ದ ಯಂತ್ರಗಳು ತಾವಾಗಿ ಏಳಲಾರದೆ ಹೋದವು. ಸಿಬ್ಬಂದಿಯವರು ಯಂತ್ರಗಳ ಮುಂದೆ ಕುಳಿತು, ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಇಷ್ಟು ದೊಡ್ಡ ಸಂಕಟದಲ್ಲಿಯೂ ಪರಿಹಾರವು ಒಂದು ಕಡತವನ್ನು ತೆಗೆಯುವುದೇ ಆಗಿತ್ತು, ಡಿಸ್ಕನ್ನು ಅಳಿಸುವುದಾಗಿರಲಿಲ್ಲ.

ಮನೆಯವರು ನೆನಪಿಡಬೇಕಾದ ಕೆಲವು ಮಾತು

ಯಂತ್ರವು ಏಳದಿದ್ದರೆ ಮೊದಲು ಪೆನ್‌ಡ್ರೈವು, ಪ್ರಿಂಟರು ಮುಂತಾದ ಹೊರಗಿನ ಸಾಮಾನುಗಳನ್ನು ಕಿತ್ತು ಮತ್ತೊಮ್ಮೆ ನೋಡಬೇಕು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದು ಕಡತದ ದೋಷವಲ್ಲ, ಡಿಸ್ಕೇ ಸಾಯುತ್ತಿರುವುದರ ಲಕ್ಷಣ. ಆಗ ‘ಚೆಕ್ ಡಿಸ್ಕ್’ ಮುಂತಾದುವನ್ನು ಓಡಿಸದೆ ಕೂಡಲೇ ಆರಿಸಿ ಬಲ್ಲವರಲ್ಲಿಗೆ ಒಯ್ಯಬೇಕು.

ಅಂಗಡಿಗೆ ಕೊಡುವಾಗ ಉಳಿಸಬೇಕಾದ ಫೋಲ್ಡರುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಡೌನ್‌ಲೋಡ್ಸುಗಳಲ್ಲಿ ಏನಿದೆಯೆಂದು ಮನೆಯವರೆಲ್ಲರನ್ನೂ ಕೇಳಿಯೇ ಬರೆಯಬೇಕು. ವಿಂಡೋಸನ್ನು ಮರುಸ್ಥಾಪಿಸುವ ಪುಟದಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆಯುಂಟು. ಅದರಲ್ಲಿ ನಮ್ಮ ಕಡತಗಳು ಉಳಿದು, ನಾವು ಹಾಕಿಕೊಂಡ ತಂತ್ರಾಂಶಗಳು ಮಾತ್ರ ಹೋಗುತ್ತವೆ. ‘ರಿಮೂವ್ ಎವ್ರಿಥಿಂಗ್’ ಎಂಬುದರ ಹತ್ತಿರ ಅವಸರದಲ್ಲಿ ಸುಳಿಯಬಾರದು. ಈಚಿನ ಅನೇಕ ಲ್ಯಾಪ್‌ಟಾಪುಗಳ ಡಿಸ್ಕಿಗೆ ‘ಬಿಟ್‌ಲಾಕರ್’ ಎಂಬ ಬೀಗವಿರುತ್ತದೆ. ಅದರ 48 ಅಂಕಿಗಳ ಕೀಲಿಕೈಯನ್ನು ಯಂತ್ರ ಚೆನ್ನಾಗಿರುವಾಗಲೇ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡುವುದು ಕ್ಷೇಮ. ಯುಪಿಎಸ್ ಒಂದನ್ನು ಇಟ್ಟುಕೊಂಡರೆ ವಿದ್ಯುತ್ತು ಹೋದಾಗ ಯಂತ್ರವನ್ನು ಕ್ರಮವಾಗಿ ಆರಿಸಲು ಸಮಯ ಸಿಗುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಪ್ರತಿ ಮಾಡಿಡುವುದು. ತಾಳೆಗರಿಯ ವಚನಗಳು ಒಂದೇ ಮನೆಯ ಒಂದೇ ಕಟ್ಟಿನಲ್ಲಿ ಇದ್ದಿದ್ದರೆ ಗೆದ್ದಲಿನ ಪಾಲಾಗುತ್ತಿದ್ದವು; ಪ್ರತಿಗಳು ಅಲ್ಲಲ್ಲಿ ಉಳಿದಿದ್ದರಿಂದಲೇ ಡಾ. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು 1923ರಿಂದ ಮುದ್ರಿಸಿ ನಾಡಿಗೆ ಕೊಡುವುದು ಸಾಧ್ಯವಾಯಿತು. ಒಂದು ಪ್ರತಿ ಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಹುಣ್ಣಿಮೆಗೋ, ಈ ಕೆಲಸಕ್ಕೆಂದು ಒಂದು ಗಳಿಗೆ ತೆಗೆದಿಟ್ಟರೆ ಸಾಕು.

ನಮ್ಮ ತಾಯಿಯವರ ಪದಗಳಲ್ಲಿ ಒಂದೇ ಒಂದು ಉಳಿದಿದೆ. ರಾಣೇಬೆನ್ನೂರಿನಲ್ಲಿರುವ ನಮ್ಮ ಅಕ್ಕನ ಮಗಳು ಯಾವಾಗಲೋ ಮನೆಗೆ ಬಂದಾಗ, ತನ್ನ ಕೂಸಿಗೆ ಕೇಳಿಸಲೆಂದು ಅದೊಂದನ್ನು ತನ್ನ ಮೊಬೈಲಿಗೆ ಹಾಕಿಕೊಂಡಿದ್ದಳು. ಈಗ ಅದರ ಪ್ರತಿ ನಮ್ಮ ಬಳಗದ ಏಳು ಮನೆಗಳಲ್ಲಿದೆ.